ಬೆಳಗಾವಿಯ ಬಕಾರ, ಹಲಸಿಯ ಹಕಾರ

ಮರಾಠಿಯಲ್ಲಿ ಬಿದಿರಿಗೆ ವೇಳೂ ಎನ್ನುತ್ತಾರೆ. ಪುಣೆಯಿಂದ ಸಾತಾರಾಕ್ಕೆ ಹೋಗುವ ಹೆದ್ದಾರಿಯ ಮೇಲೆ ವೇಳೂ ಎಂಬ ಹೆಸರಿನದೇ ಒಂದು ಊರಿದೆ. ಆ ಭಾಷೆಯ ಬಾಯಿಗೆ ವಕಾರ ಕಷ್ಟವೇನಲ್ಲ. ಕನ್ನಡಿಗರು ಬನ ಎಂದು ಮೆತ್ತಗೆ ಮಾಡಿಕೊಂಡಲ್ಲಿ ಅವರು ವನ ಎಂದೇ ಹೇಳುತ್ತಾರೆ, ಹುಲಿಗೆ ವಾಘ ಎನ್ನುತ್ತಾರೆ. ಹಾಗಿರುವಾಗ, ‘ಬಿದಿರೂರು’ ಎಂದು ಎಲ್ಲರೂ ಅರ್ಥ ಹೇಳುವ ಬೆಳಗಾವಿ ಮರಾಠಿಗರ ಬಾಯಲ್ಲಿ ವೇಳಗಾವ ಆಗಬೇಕಿತ್ತು. ಆಗಿಲ್ಲ. ಅವರೂ ಬೇಳಗಾವ ಎನ್ನುತ್ತಾರೆ. ಆ ಒಂದು ಬಕಾರ ಎಲ್ಲಿಂದ ಬಂತು?

ಊರ ಹೆಸರಿಗಾಗಿ ಇಷ್ಟು ವರ್ಷ ಸಭೆ, ಮೆರವಣಿಗೆ, ದಾವೆ ನಡೆದ ನಗರದಲ್ಲಿ ಈ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಜಗಳವೆಲ್ಲ ಹೆಸರಿನ ಬಾಲದ ಮೇಲೆ: ಗಾವಿಯೋ, ಗಾಂವೋ, ಗಾಮೋ. ನನ್ನ ಕುತೂಹಲ ತಲೆಯ ಅಕ್ಷರದ ಮೇಲಿದೆ. ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ರೈಲುಹಾದಿ ಸುಮಾರು 25 ಕಿಲೋಮೀಟರಿನದು. ಆ ಹಾದಿಯ ಹಳದಿ ಫಲಕಗಳನ್ನು ಓದುತ್ತ ಹೋದರೆ ಇದಕ್ಕೆ ಉತ್ತರ ಸಿಗುತ್ತದೆ. ಬೆಂಗಳೂರಿನಲ್ಲಿ ಈಗ ಮೆಟ್ರೊ ನಿಲ್ದಾಣಗಳ ಹೆಸರಿನ ಚರ್ಚೆ ಜೋರು. ಒಂದು ಚಿತ್ರಮಂದಿರದ ಹೆಸರು ಬಡಾವಣೆಗೆ ಹತ್ತಿ, ಆಮೇಲೆ ನಾಡಪ್ರಭು ಕೆಂಪೇಗೌಡರ ಹೆಸರಿನ ನಿಲ್ದಾಣಕ್ಕೂ ಬಾಲವಾಗಿ ಅಂಟಿದ ಮೆಜೆಸ್ಟಿಕ್ಕಿನ ಕಥೆ ಎಲ್ಲರಿಗೂ ಗೊತ್ತು. ಬೆಳಗಾವಿಗೆ ಮೆಟ್ರೊ ಇಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಹಳಿ ಇದೆ, ಅದರ ಮೇಲಿನ ಹೆಸರುಗಳು ಮೆಜೆಸ್ಟಿಕ್ಕಿಗಿಂತ ಬಹಳ ಹಳೆಯವು.

ಮೊದಲು ಕಲ್ಲು ಏನು ಹೇಳುತ್ತದೆ ನೋಡೋಣ. ಬೆಳಗಾವಿ ಕೋಟೆಯ ಎರಡು ಶಾಸನಗಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚು ಹಾಕಿಸಿದವರು ಲಯೊನೆಲ್ ಬಾರ್ನೆಟ್. ಕಾಲ 1204. ಸವದತ್ತಿಯ ರಟ್ಟರ ನಾಲ್ಕನೇ ಕಾರ್ತವೀರ್ಯ ತನ್ನ ತಮ್ಮ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ ಆಳುತ್ತಿದ್ದ. ಅವನ ಮಂತ್ರಿ ಬೀಚಣ ಕಟ್ಟಿಸಿದ ರಟ್ಟಜಿನಾಲಯಕ್ಕೆ ಭೂಮಿ ಮತ್ತು ಸುಂಕದ ದತ್ತಿ ಬಿಟ್ಟ ಸಂಗತಿ ಅವುಗಳಲ್ಲಿದೆ. ದತ್ತಿಯಲ್ಲಿ ಪಾಲುಗೊಂಡ ವರ್ತಕರಲ್ಲಿ ಲಾಳದವರೂ, ಎಂದರೆ ಗುಜರಾತಿನ ಕಡೆಯವರೂ, ಮಲೆಯಾಳದವರೂ ಇದ್ದಾರೆ. ರಟ್ಟರು ರಾಜಧಾನಿಯನ್ನು ಇಲ್ಲಿಗೆ ತಂದದ್ದು 1210ರಲ್ಲಿ ಎಂದು ಪುಸ್ತಕಗಳು ಒಂದನ್ನೊಂದು ನೋಡಿ ಬರೆಯುತ್ತ ಬಂದಿವೆ. ಕಲ್ಲು ಅದಕ್ಕಿಂತ ಆರು ವರ್ಷ ಮೊದಲೇ ಅರಸನನ್ನು ಇಲ್ಲಿ ಕೂರಿಸಿದೆ. ಕೋಟೆಯೊಳಗೆ ಇವತ್ತಿಗೂ ಪೂಜೆ ನಡೆಯುವ ಕಮಲಬಸದಿ ಆ ಕಾಲದ್ದೇ.

ವೇಣುಗ್ರಾಮ ಎಂದರೆ ಬಿದಿರ ಗ್ರಾಮ. ಇಲ್ಲಿಗೆ ಮುಗಿಯಿತು ಎಂದು ಬಹಳ ಜನ ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಇದೇ ಊರಿಗೆ ಶಾಸನಗಳಲ್ಲಿ ಇನ್ನೊಂದು ರೂಪವಿದೆ: ವೇಳುಗ್ರಾಮ. ರಟ್ಟರಿಗಿಂತ ಮೊದಲು ಈ ಸೀಮೆ ಗೋವೆಯ ಕದಂಬರ ಕೈಯಲ್ಲಿತ್ತು. ಅವರು ತಮ್ಮ ನಾಡುಗಳ ಪಟ್ಟಿ ಹೇಳುವಾಗ ಪಲಸಿಗೆ ಹನ್ನೆರಡು ಸಾವಿರ, ಕೊಂಕಣ ಒಂಬೈನೂರು, ವೇಳುಗ್ರಾಮ ಎಪ್ಪತ್ತು ಎಂದು ಎಣಿಸುತ್ತಾರೆ. ಎಪ್ಪತ್ತು ಹಳ್ಳಿಯ ಕಂದಾಯದ ಘಟಕದ ಹೆಸರು ಅದು. ಅರಮನೆಯ ಕವಿ ಅರಸನನ್ನು ಹೊಗಳುವಾಗ ಊರಿನ ಹೆಸರಿಗೆ ಸಂಸ್ಕೃತದ ಜರಿ ಹಚ್ಚಬಹುದು. ಕಂದಾಯ ಎಣಿಸುವ ಕರಣಿಕನಿಗೆ ಆ ಹುರುಪು ಕಡಿಮೆ. ಜನ ಅಂದದ್ದನ್ನು ಅವನು ಬರೆಯುತ್ತಾನೆ. ಹಾಗಾಗಿ ಎರಡರಲ್ಲಿ ಬಾಯಿಗೆ ಹತ್ತಿರದ್ದು ವೇಳುಗ್ರಾಮ, ವೇಣುಗ್ರಾಮ ಅದನ್ನು ತಿದ್ದಿ ಬರೆದ ರೂಪ ಎಂದು ನಾನು ತಿಳಿಯುತ್ತೇನೆ.

ವೇಣು ವೇಳು ಆದದ್ದು ಕನ್ನಡ ನಾಡಿನಲ್ಲಿ ಅಲ್ಲ. ಅದು ಪ್ರಾಕೃತದ ಹಳೆಯ ಅಭ್ಯಾಸ. ಬಿಂಬಿಸಾರ ಬುದ್ಧನಿಗೆ ರಾಜಗೃಹದ ಹತ್ತಿರ ಕೊಟ್ಟ ಬಿದಿರ ತೋಪಿಗೆ ಪಾಲಿ ಗ್ರಂಥಗಳು ವೇಳುವನ ಎನ್ನುತ್ತವೆ. ಅದೇ ವೇಳು ಮಹಾರಾಷ್ಟ್ರದ ಪ್ರಾಕೃತದ ದಾರಿಯಲ್ಲಿ ಬಂದು ಮರಾಠಿಯ ವೇಳೂ ಆಗಿ ನಿಂತಿದೆ. ಗ್ರಾಮ ಗಾಮವಾಗಿ, ಗಾವವಾಗಿ ಸವೆದದ್ದೂ ಆ ದಾರಿಯಲ್ಲೇ. ಅಲ್ಲಿಗೆ ಹೆಸರಿನ ಎರಡೂ ತುಂಡುಗಳು ಪ್ರಾಕೃತದವಾದವು: ವೇಳು ಮತ್ತು ಗಾವ.

ಹಾಗಾದರೆ ಕನ್ನಡದ ಪಾಲೇನು? ಇಲ್ಲಿ ನಮ್ಮ ಬಕಾರ ಬರುತ್ತದೆ. ತಮಿಳಿನ ವಾಯ್ ಕನ್ನಡದಲ್ಲಿ ಬಾಯಿ, ವೇರ್ ಬೇರು, ವಿಲ್ ಬಿಲ್ಲು. ಕನ್ನಡ ತನ್ನ ಸ್ವಂತ ಪದಗಳ ಆದಿಯ ವಕಾರವನ್ನು ಬಹಳ ಹಿಂದೆಯೇ ಬಕಾರ ಮಾಡಿಕೊಂಡಿತು. ಮನೆಗೆ ಬಂದ ನೆಂಟರನ್ನೂ ಬಿಡಲಿಲ್ಲ: ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು, ವಿದ್ಯೆ ಬಿಜ್ಜೆಯಾಯಿತು, ವ್ಯವಸಾಯ ಎಂಬ ಉದ್ದನೆಯ ಪದ ನೇಗಿಲ ಹಿಂದೆ ನಡೆದೂ ನಡೆದೂ ಬೇಸಾಯವಾಯಿತು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟು ಇಂಥವುಗಳನ್ನು ಪೋಣಿಸಿದ್ದಾನೆ. ವೇಳುಗಾವ ಬೆಳಗಾವಿಯಾದದ್ದು ಈ ಯಂತ್ರದೊಳಗಿಂದ ಹಾದು ಬಂದದ್ದರಿಂದ. ಮರಾಠಿಗೆ ಇಂಥ ಅಭ್ಯಾಸವಿಲ್ಲ. ಹೀಗಾಗಿ ಬೇಳಗಾವ ಎನ್ನುವ ಮರಾಠಿಗ ಪ್ರತಿಸಲವೂ ಕನ್ನಡದ ಒಂದು ಧ್ವನಿನಿಯಮವನ್ನು ಪಾಲಿಸುತ್ತಾನೆ. ಬೆಳಗಾವಿ ಎನ್ನುವ ಕನ್ನಡಿಗ ಪ್ರತಿಸಲವೂ ಪ್ರಾಕೃತದ ಗಾವವನ್ನು ನಾಲಿಗೆಯ ಮೇಲೆ ಹೊತ್ತು ತಿರುಗುತ್ತಾನೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ವಕೀಲರ ಕಡತದಲ್ಲಿ ಈ ಬಕಾರಕ್ಕೆ ಜಾಗ ಸಿಕ್ಕಿರಲಿಕ್ಕಿಲ್ಲ.

ಒಂದು ಆಕ್ಷೇಪ ಇಲ್ಲಿ ಬರಲೇಬೇಕು. ಕನ್ನಡದಲ್ಲಿ ಬೆಳ್ ಎಂದರೆ ಬಿಳುಪು. ಬೆಳ್ಳಿ, ಬೆಳಕು, ಬೆಳಗು ಎಲ್ಲ ಆ ಬಳಗದವು. ಕಿವಿಗೆ ಬೆಳಗಾವಿಯಲ್ಲಿ ಮೊದಲು ಕೇಳಿಸುವುದು ಬೆಳಗೇ ಹೊರತು ಬಿದಿರಲ್ಲ. ನಗರದ ಪಶ್ಚಿಮಕ್ಕೆ ಬೆಳಗುಂದಿ, ಬೆಳವಟ್ಟಿ ಎಂಬ ಹಳ್ಳಿಗಳೂ ಇವೆ. ಅಲ್ಲೆಲ್ಲ ಬಿದಿರನ್ನೇ ನೆಡುತ್ತ ಹೋಗುವುದೇ? ಇದು ಬೆಳ್+ಗಾವಿ ಏಕಾಗಬಾರದು?

ಆಗಬಹುದಿತ್ತು. ಆದರೆ ಶ್ರವಣಬೆಳಗೊಳವನ್ನು ನೋಡಿ. ಅಲ್ಲಿ ಬೆಳ್+ಕೊಳ ಎಂಬುದನ್ನು ಕೇಳಿದ ಪಂಡಿತರು ಅದನ್ನು ಶ್ವೇತಸರೋವರ, ಧವಳಸರೋವರ ಎಂದು ಸಂಸ್ಕೃತಕ್ಕೆ ಇಳಿಸಿದರು. ಬೆಳ್ ಎಂದು ಕಿವಿಗೆ ಬಿದ್ದರೆ ಅವರ ಕೈ ತಾನಾಗಿಯೇ ಶ್ವೇತದ ಕಡೆ ಹೋಗುತ್ತಿತ್ತು. ಬೆಳಗಾವಿಯನ್ನು ಯಾರೂ ಶ್ವೇತಗ್ರಾಮ ಎನ್ನಲಿಲ್ಲ. ಕದಂಬರ ಕಡೆಯವರಿಗೂ ರಟ್ಟರ ಕಡೆಯವರಿಗೂ ಕೇಳಿಸಿದ್ದು ಬಿದಿರೇ. ಬೆಳಗುಂದಿ, ಬೆಳವಟ್ಟಿಗಳು ತಮ್ಮ ಸಾಕ್ಷಿಯನ್ನು ತಾವೇ ತರಬೇಕು. ನೆರೆಯವನ ಜಾತಕದಿಂದ ಅವುಗಳ ಜಾತಕ ಬರೆಯಲಾಗದು. ಏಕಾರ ಎಕಾರವಾಗಿ ಗಿಡ್ಡಗಾದದ್ದರ ಬಗ್ಗೆಯೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳೆಯ ಶಾಸನಲಿಪಿಯಲ್ಲಿ ಎ, ಏಗಳಿಗೆ ಬೇರೆ ಗುರುತು ಎಲ್ಲ ಕಡೆ ಇರುವುದಿಲ್ಲ. ನಾಗರಿಯಲ್ಲಂತೂ ಗಿಡ್ಡ ಎಕಾರವೇ ಇಲ್ಲ.

ಬಿದಿರಿನ ಹೆಸರಿನ ಊರುಗಳು ಕರ್ನಾಟಕದಲ್ಲಿ ಬೇರೆಯೂ ಇವೆ, ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಬೆಳಗಾವಿಯ ವಿಚಿತ್ರ ಇನ್ನೂ ಎದ್ದು ಕಾಣುತ್ತದೆ. ಜೈನರ ಕಾಶಿ ಮೂಡುಬಿದಿರೆಗೆ ಸಂಸ್ಕೃತದಲ್ಲಿ ವೇಣುಪುರ, ವಂಶಪುರ ಎಂಬ ಹೆಸರುಗಳಿದ್ದವು. ಕೆಳದಿ ಅರಸರ ಬಿದನೂರೂ ವೇಣುಪುರವೇ. 1763ರಲ್ಲಿ ಹೈದರ್ ಅದನ್ನು ಹಿಡಿದು ಹೈದರ್‌ನಗರ ಮಾಡಿದ, ಜನ ಹೈದರನನ್ನು ಬಿಟ್ಟು ನಗರವನ್ನು ಉಳಿಸಿಕೊಂಡರು. ಈ ಎರಡೂ ಕಡೆ ಜನರ ಬಾಯಲ್ಲಿದ್ದದ್ದು ಬಿದಿರು, ಪಂಡಿತರ ಓಲೆಯಲ್ಲಿದ್ದದ್ದು ವೇಣು. ಒಂದು ಮಾತು, ಇನ್ನೊಂದು ಅದರ ಅನುವಾದ. ಬೆಳಗಾವಿಯಲ್ಲಿ ಮಾತ್ರ ಜನರ ಬಾಯಲ್ಲೂ ಪಂಡಿತರ ಓಲೆಯಲ್ಲೂ ಒಂದೇ ಬೇರಿನ ಪದ. ಬಿದಿರು ಎಂಬ ಅಚ್ಚಗನ್ನಡ ಪದ ಇಲ್ಲಿಯ ಹೆಸರಿನೊಳಕ್ಕೆ ಕಾಲಿಟ್ಟೇ ಇಲ್ಲ. ಎಂಟು ನೂರು ವರ್ಷಗಳ ಹಿಂದೆಯೂ ಈ ಊರು ಎರಡು ಮಾತುಗಳು ಕೂಡುವ ಜಾಗದಲ್ಲೇ ಇತ್ತು ಎಂದು ತೋರಿಸಲು ನನಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಬಿದಿರಿನ ಮಾತಿಗೆ ಒಂದು ಐತಿಹ್ಯವೂ ಇದೆ. ನೂರೆಂಟು ಜೈನ ಮುನಿಗಳು ದಾರಿ ನಡೆಯುತ್ತ ಬಂದು ಇಲ್ಲಿಯ ಕಾಡಿನಲ್ಲಿ ರಾತ್ರಿ ತಂಗಿದರು, ಕಾಡಿಗೆ ಬೆಂಕಿ ಬಿದ್ದು ಅಷ್ಟೂ ಮಂದಿ ಸುಟ್ಟುಹೋದರು, ಅದರ ಪ್ರಾಯಶ್ಚಿತ್ತಕ್ಕೆ ಅರಸ ಕೋಟೆಯೊಳಗೆ ನೂರೆಂಟು ಬಸದಿ ಕಟ್ಟಿಸಿದ ಎನ್ನುತ್ತದೆ ಅದು. ನೂರೆಂಟು ಬಸದಿಗಳ ಲೆಕ್ಕ ಕಥೆಯ ಲೆಕ್ಕ. ಆದರೆ ಕೋಟೆಯ ಗೋಡೆಗಳಲ್ಲಿ ಗುಡಿಗಳ ಕೆತ್ತಿದ ಕಲ್ಲುಗಳು ಸೇರಿಕೊಂಡಿರುವುದನ್ನು ನೋಡಿದವರಿಗೆ, ಒಂದು ಕಾಲಕ್ಕೆ ಇಲ್ಲಿ ಬಹಳ ಬಸದಿಗಳಿದ್ದವು ಎಂಬ ನೆನಪು ಈ ಕಥೆಯಲ್ಲಿ ಉಳಿದಿದೆ ಎನ್ನಿಸುತ್ತದೆ. ಕಾಡಿಗೆ ಬೆಂಕಿ ಬೀಳುವ ಭಾಗ ನನಗೆ ಹೆಚ್ಚು ಹಿಡಿಸಿತು. ಬೇಸಿಗೆಯಲ್ಲಿ ಒಣಗಿದ ಬಿದಿರ ಮೆಳೆ ಗಾಳಿಗೆ ಒಂದಕ್ಕೊಂದು ತಿಕ್ಕಿ ತಾನೇ ಹೊತ್ತಿಕೊಳ್ಳುತ್ತದೆ ಎನ್ನುವುದು ನಮ್ಮ ಕಾಡಂಚಿನ ಎಲ್ಲ ಊರುಗಳ ನಂಬಿಕೆ. ಕಥೆ ಕಟ್ಟಿದವನಿಗೆ ವೇಣುಗ್ರಾಮದ ಅರ್ಥ ಗೊತ್ತಿತ್ತು.

ಇನ್ನು ಬಾಲದ ಕಡೆ ಬರೋಣ. ಇಂಗ್ಲಿಷರು ಈ ಊರನ್ನು ಬರೆಯುತ್ತಿದ್ದದ್ದು ಜಿ, ಎ, ಯು, ಎಂ ಎಂಬ ನಾಲ್ಕು ಅಕ್ಷರಗಳ ಬಾಲ ಹಚ್ಚಿ. ಇದು ಬೆಳಗಾವಿಗೆ ಮಾತ್ರ ಮಾಡಿದ ಅನ್ಯಾಯವಲ್ಲ. ಗಾಂವ್ ಎಂಬಲ್ಲಿ ಮೂಗಿನಿಂದ ಬರುವ ಸ್ವರಕ್ಕೆ ಅವರ ಬಳಿ ಅಕ್ಷರವಿರಲಿಲ್ಲ, ಮಕಾರ ಹಾಕಿ ಕೈ ತೊಳೆದುಕೊಂಡರು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಗೆದ್ದ ವರ್ಹಾಡದ ಅರಗಾಂವ್ ಯುದ್ಧ ಅವರ ಇತಿಹಾಸದಲ್ಲಿ ಆರ್ಗಾಮ್. 1818ರ ಕೋರೆಗಾಂವ್ ಕೂಡ ಅದೇ ಕಾಗುಣಿತದಲ್ಲಿ. ಮುಂದೆ ಮುಂಬೈ ಪ್ರಾಂತದ ಉಳಿದ ಗಾಂವ್‌ಗಳೆಲ್ಲ ಹೊಸ ಕಾಗುಣಿತಕ್ಕೆ ಜಾರಿಕೊಂಡವು. ಬೆಳಗಾವಿ ದಂಡಿನ ಊರು. ಪಲ್ಟಣದ ಕಾಗದಪತ್ರಗಳಲ್ಲಿ ಒಮ್ಮೆ ಕೂತ ಹೆಸರು ಏಳಲಿಲ್ಲ. 1886ರಲ್ಲಿ ಬಂದ ಆಂಗ್ಲೋ-ಇಂಡಿಯನ್ ಪದಕೋಶ ಹಾಬ್ಸನ್-ಜಾಬ್ಸನ್ ಇದನ್ನು ಬಿದಿರೂರು ಎಂದು ಸರಿಯಾಗಿಯೇ ಬಿಡಿಸಿ, ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ 16ನೇ ಶತಮಾನದಲ್ಲೇ ಬಿಲ್ಗನ್ ಎಂದು ಬರೆದಿದ್ದನ್ನು ಹುಡುಕಿ ಕೊಟ್ಟಿದೆ. ಬಾರೋಸನ ಕಿವಿಗೂ ಬಿದ್ದದ್ದು ಬಕಾರವೇ ಎಂಬುದನ್ನು ಗಮನಿಸಬೇಕು.

ಹೆಸರಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಊರನ್ನೂ ಇಲ್ಲಿ ನೆನೆಯಬೇಕು: ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ಅಲ್ಲಮನ ಊರು. ಅದನ್ನು ಸರ್ಕಾರಿ ಕಾಗದಗಳಲ್ಲಿ ಬೆಳಗಾಮಿ ಎಂದು ಬರೆಯುತ್ತಿದ್ದರು. ಬೆಳಗಾಮಿಯ ಶಾಸನ, ಬೆಳಗಾಮಿಯ ಗುಡಿ ಎಂದು ಓದಿ ಬೆಳಗಾವಿಗೆ ಬಂದು ಇಳಿದವರಿಗೆ ಕೇದಾರೇಶ್ವರ ಎಲ್ಲಿ ಸಿಗಬೇಕು! ಆದರೆ ಬಳ್ಳಿಗಾವೆಯಿಂದ ನಮಗೊಂದು ಉಪಕಾರವಾಗಿದೆ. ಗಾವೆ, ಗಾವಿ ಎಂಬ ಕೊನೆ ಹೊಸ ಮರಾಠಿ ಪ್ರಭಾವವಲ್ಲ, ಕನ್ನಡದ ನಡುಮಲೆನಾಡಿನಲ್ಲೂ ಚಾಲುಕ್ಯರ ಕಾಲಕ್ಕೇ ಅದು ಬೇರೂರಿತ್ತು ಎಂಬುದಕ್ಕೆ ಅದು ಸಾಕ್ಷಿ. ವ್ಯಂಜನದಲ್ಲಿ ನಿಲ್ಲುವ ಪದಕ್ಕೆ ಕನ್ನಡ ಒಂದು ಸ್ವರ ಸೇರಿಸದೆ ಬಿಡುವುದಿಲ್ಲ. ನಗರದೊಳಗಿನ ವಡಗಾಂವ್ ಕನ್ನಡಿಗರಿಗೆ ಇವತ್ತಿಗೂ ವಡಗಾವಿ.

ಹೆಸರು ಬದಲಿಸುವ ಪ್ರಯತ್ನ ಹಿಂದೆಯೂ ನಡೆದಿದೆ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನ ಮಗ ಆಜಮನ ಹೆಸರಿನಲ್ಲಿ ಈ ಊರು ಆಜಮನಗರವಾಯಿತು. ದಫ್ತರಗಳಲ್ಲಿ ಕೆಲ ಕಾಲ ಬಾಳಿತು, ಬಾಯಿಗೆ ಹತ್ತಲಿಲ್ಲ. ನಗರದ ಒಂದು ಬಡಾವಣೆಗೆ ಈಗ ಆ ಹೆಸರಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ಸರ್ಕಾರ ತಿದ್ದಿತು. ಬೆಳಗಾವಿಯೂ ಅದರಲ್ಲಿತ್ತು. ಪತ್ರಿಕೆಗಳು ‘ಹೊಸ ಹೆಸರು’ ಎಂದು ಬರೆದವು. ಕನ್ನಡದಲ್ಲಿ ಅಂದು ಏನೂ ಬದಲಾಗಿರಲಿಲ್ಲ. ಒಂದು ಪರಭಾಷೆಯ ಕಾಗುಣಿತ ಕನ್ನಡದ ಉಚ್ಚಾರದ ಹತ್ತಿರ ಬಂತು, ಅಷ್ಟೆ. ರೈಲ್ವೆಯವರ ಗಣಕಯಂತ್ರ ಅದಕ್ಕೂ ಒಪ್ಪಿಲ್ಲ: ನಿಲ್ದಾಣದ ಸಂಕೇತ ಇಂದಿಗೂ ಬಿ, ಜಿ, ಎಂ. ಬಾರೋಸನಿಂದ ಹಿಡಿದು ಸರ್ಕಾರಿ ಆದೇಶದವರೆಗೆ ಬಂದುಹೋದ ಕಾಗುಣಿತಗಳ ಮೂಗಿನ ಕೊನೆ ಆ ಮೂರನೇ ಅಕ್ಷರದಲ್ಲಿ ಉಳಿದುಕೊಂಡಿದೆ.

ಗಾಡಿ ಬೆಳಗಾವಿ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಮೊದಲು ಸಿಗುವುದು ನಿಲ್ದಾಣವಲ್ಲ, ಗೇಟುಗಳು. ಲೋಕಮಾನ್ಯರ ಹೆಸರಿನ ತಿಲಕವಾಡಿಯಲ್ಲಿ ರಸ್ತೆ ಹಳಿ ದಾಟುವ ಜಾಗಗಳಿಗೆ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಎಂದೇ ಹೆಸರು. ಕನ್ನಡಿಗರಿಗೂ ಮರಾಠಿಗರಿಗೂ ತಕರಾರಿಲ್ಲದ ಹೆಸರುಗಳೆಂದರೆ ನಗರದಲ್ಲಿ ಇವೇ. ಮೇಲ್ಸೇತುವೆ ಬಂದ ಮೇಲೂ ಥರ್ಡ್ ಗೇಟ್ ಥರ್ಡ್ ಗೇಟೇ. ಹಳಿಯ ಪಕ್ಕದ ರಸ್ತೆ ಕಾಂಗ್ರೆಸ್ ರೋಡ್: 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಗಂಗಾಧರರಾವ್ ದೇಶಪಾಂಡೆ ಮತ್ತು ಜೊತೆಗಾರರು ಅಧಿವೇಶನದ ಬಯಲಿಗೆ ವಿಜಯನಗರ ಎಂದು ಹೆಸರಿಟ್ಟರು, 39ನೇ ಅಧಿವೇಶನದ ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ ಎಂದರು. ಹರಿದು ಹಂಚಿಹೋಗಿದ್ದ ಕನ್ನಡ ನಾಡಿಗೆ ಹಂಪಿಯನ್ನು ನೆನಪಿಸುವ ಉಪಾಯವದು. ಚಂದದ ಹೆಸರುಗಳು. ಬಾವಿ ಉಳಿದಿದೆ, ಹೆಸರು ಉಳಿಯಲಿಲ್ಲ. ಜನರಿಗೆ ಅದು ಕಾಂಗ್ರೆಸ್ ಬಾವಿ.

ದೇಸೂರಿನಲ್ಲಿ ನಿಲ್ಲುವಂಥದ್ದು ಹೆಚ್ಚಿಲ್ಲ. ಊರು ಎಂಬ ಕನ್ನಡದ ಕೊನೆ ಅಚ್ಚುಕಟ್ಟಾಗಿ ಉಳಿದಿರುವುದನ್ನು ಗಮನಿಸಿ ಮುಂದೆ ಹೋಗಬಹುದು. ಆಮೇಲಿನದು ಇದ್ದಲಹೊಂಡ. ಇಂಗ್ಲಿಷ್ ಫಲಕ ಅದರ ಒತ್ತನ್ನೂ ಕೊನೆಯ ಅಕಾರವನ್ನೂ ನುಂಗಿ, ಓದಿದವರಿಗೆ ಪರದೇಶದ ಹೆಸರು ಎನ್ನಿಸುವಂತೆ ಮಾಡಿದೆ. ಉತ್ತರ ಕರ್ನಾಟಕದ ಯಾವ ಅಜ್ಜಿಯನ್ನು ಕೇಳಿದರೂ ಇದ್ದಲಿ ಎಂದರೇನೆಂದು ಹೇಳುತ್ತಾಳೆ: ಇದ್ದಿಲು. ಹೊಂಡಕ್ಕೆ ಅರ್ಥ ಬೇಕಿಲ್ಲ. ಕಟ್ಟಿಗೆಯನ್ನು ಗುಂಡಿಯಲ್ಲಿ ಒಟ್ಟಿ, ಮಣ್ಣು ಮುಚ್ಚಿ, ಗಾಳಿಯಾಡದಂತೆ ಸುಟ್ಟು ಇದ್ದಲಿ ಮಾಡುವ ಕೆಲಸಕ್ಕೆ ಕಾಡಂಚಿನ ಈ ಜಾಗ ಹೇಳಿ ಮಾಡಿಸಿದಂತಿದೆ. ಹೆಸರನ್ನು ಹಾಗೆ ಓದುವುದಕ್ಕೆ ನನಗೆ ಅಡ್ಡಿಯೇನೂ ಕಾಣುವುದಿಲ್ಲ. ಇಲ್ಲಿ ಸಂಸ್ಕೃತ ಪಂಡಿತರು ಬಂದು ಅಂಗಾರಕುಂಡ ಎಂದು ಬರೆಯದೇ ಹೋದದ್ದು ನಮ್ಮ ಪುಣ್ಯ.

ಖಾನಾಪುರಕ್ಕೆ ಬಂದೆವು. ಬರಹದಲ್ಲಿ ಪುರ, ಬಾಯಲ್ಲಿ ಪೂರ: ಇತ್ತ ಕಡೆ ವಿಜಾಪೂರವೂ ಹಾಗೆ, ಖಾನಾಪೂರವೂ ಹಾಗೆ. ಖಾನ್ ಎಂಬುದು ಮಧ್ಯ ಏಷ್ಯಾದಿಂದ ಹೊರಟು ಪಾರಸಿಯ ಕುದುರೆ ಹತ್ತಿ ದಖನ್ನಿಗೆ ಬಂದ ಪದವಿ. ಬಹಮನಿ ಮತ್ತು ಆದಿಲಶಾಹಿ ಸುಲ್ತಾನರು ತಮ್ಮ ಸರದಾರರಿಗೆ ಅದನ್ನು ಕೊಡುತ್ತಿದ್ದರು. ಬೆಳಗಾವಿ ಕೋಟೆಯನ್ನು ಬಹಳ ಕಾಲ ಆಳಿದ ಅಸದ್ ಖಾನ್ ಲಾರಿ ಅಂಥವನೊಬ್ಬ. ಅವರ ಜಾಗೀರುಗಳು ಇದ್ದಲ್ಲೆಲ್ಲ ಖಾನಾಪುರಗಳು ಹುಟ್ಟಿದವು, ಸಾಂಗ್ಲಿ ಜಿಲ್ಲೆಯಲ್ಲೂ ಒಂದು ಖಾನಾಪುರ ತಾಲ್ಲೂಕಿದೆ. ಆದರೆ ಕನ್ನಡದ ಕಿವಿಯಲ್ಲಿ ಈ ಖಾನ ಒಂಟಿಯಲ್ಲ. ದವಾಖಾನೆ, ಕಾರಖಾನೆಗಳಲ್ಲಿರುವ ಖಾನೆ ಪಾರಸಿಯಲ್ಲಿ ಮನೆ. ಬೆಳಗಾವಿ, ಧಾರವಾಡದ ಬೀದಿಗಳಲ್ಲಿ ಜೋಳದ ರೊಟ್ಟಿ ಬಡಿಸುವ ಖಾನಾವಳಿಯ ಖಾನ ಉಣ್ಣುವುದು ಎಂಬರ್ಥದ ಮರಾಠಿಯ ಖಾಣೆಯಿಂದ ಬಂದದ್ದು. ಸರದಾರ, ಮನೆ, ಊಟ ಮೂರೂ ಒಂದೇ ಸದ್ದಿನೊಳಗೆ ಕೂತಿವೆ.

ಖಾನಾಪುರ ಇರುವುದು ಮಲಪ್ರಭೆಯ ದಂಡೆಯ ಮೇಲೆ. ಕಣಕುಂಬಿಯಲ್ಲಿ ಹುಟ್ಟಿ ಬರುವ ಆ ಹೊಳೆಯ ಹಳೆಯ ಹೆಸರು ಮಲಾಪಹಾರಿ, ಕೊಳೆ ಕಳೆಯುವವಳು. ಪ್ರಭೆ ಆಮೇಲೆ ಬಂದದ್ದು. ಇಲ್ಲಿಯ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಕುಂಬಾರಿಕೆ ಕಲಿಸಲು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಒಂದು ಸಂಸ್ಥೆಯೇ ಊರಿನಲ್ಲಿದೆ.

ಇದೇ ನಿಲ್ದಾಣದಲ್ಲಿ ಇಳಿದು ನಂದಗಡಕ್ಕೆ ಹೋಗಬೇಕು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಮಕ್ಕಳಿಲ್ಲದವರು ಬಂದು ತೊಟ್ಟಿಲು ಕಟ್ಟುತ್ತಾರೆ. ರೈಲು ನಿಲ್ದಾಣವೊಂದಕ್ಕೆ ರಾಯಣ್ಣನ ಹೆಸರು ಬಂತು, ಆದರೆ ಖಾನಾಪುರಕ್ಕಲ್ಲ, ಐನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೆ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವನ್ನು ಟಿಕೀಟಿನ ಮೇಲೆ ಕೆಎಸ್‌ಆರ್ ಎಂದು ಮೂರಕ್ಷರಕ್ಕೆ ಕತ್ತರಿಸಿದ್ದಾರೆ. ಎದುರಿಗೆ ಮೆಜೆಸ್ಟಿಕ್ ಮೆಟ್ರೊ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗಿನ ಹೊತ್ತು ಈ ಹಾದಿಯಲ್ಲೇ ಬೆಳಗಾವಿ ಸೇರುತ್ತದೆ: ರಾಣಿಯ ಹೆಸರಿನ ಗಾಡಿ ಅವಳ ಭಂಟನ ಹೆಸರಿನ ನಿಲ್ದಾಣದಿಂದ ಹೊರಟು, ಅವನು ಸತ್ತ ಸೀಮೆಯನ್ನು ಹಾದು, ಅವಳು ಹುಟ್ಟಿದ ಕಾಕತಿಯ ಹತ್ತಿರಕ್ಕೆ ಬರುತ್ತದೆ. ಯಾರೂ ಯೋಚಿಸಿ ಇಟ್ಟದ್ದಲ್ಲ.

ಖಾನಾಪುರದ ಆಚೆ ಗುಂಜಿ ಇದೆ. ಪತ್ತಾರರ ತಕ್ಕಡಿಯಲ್ಲಿ ಗುಂಜಿ ಎಂದರೆ ಗುಲಗಂಜಿಯ ತೂಕ, ತೊಂಬತ್ತಾರು ಕೂಡಿದರೆ ಒಂದು ತೊಲ. ಲೋಂಡಾದಲ್ಲಿ ಗೋವೆಯ ಕಡೆಯ ಹಳಿ ಬಂದು ಕೂಡುತ್ತದೆ. ಆ ಹಳಿ ಹಿಡಿದು ಘಟ್ಟದ ನೆತ್ತಿಗೆ ಹೋದರೆ ಕ್ಯಾಸಲ್‌ರಾಕ್ ಎಂಬ, ನೂರಾ ಮೂವತ್ತು ವರ್ಷವಾದರೂ ಕನ್ನಡವಾಗಲು ಒಪ್ಪದ ನಿಲ್ದಾಣ.

ನನಗೆ ಬೇಕಾದ ಊರಿಗೆ ರೈಲಿಲ್ಲ. ಖಾನಾಪುರದಲ್ಲಿ ಇಳಿದು ನಂದಗಡದ ಮೇಲಿಂದ ಬಸ್ಸಿನಲ್ಲಿ ಹೋಗಬೇಕಾದ ಹಲಸಿ ಅದು. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿತ್ತು, ಆಗಿನ ಹೆಸರು ಪಲಾಶಿಕಾ. ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ 1870ರ ದಶಕದಲ್ಲಿ ಓದಿ ಪ್ರಕಟಿಸಿದ. ಕಾಕುತ್ಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟದ್ದು, ಮೃಗೇಶವರ್ಮ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು, ರವಿವರ್ಮ ಶತ್ರುಗಳನ್ನು ಮುರಿದು ಇಲ್ಲಿ ನೆಲೆ ನಿಂತದ್ದು ಎಲ್ಲ ಅವುಗಳಿಂದಲೇ ನಮಗೆ ಗೊತ್ತು. ಭಾಷೆ ಸಂಸ್ಕೃತ. ಆರೇಳು ನೂರು ವರ್ಷಗಳ ನಂತರ ಗೋವೆಯ ಕದಂಬರ ಕಾಲದಲ್ಲಿ ಊರು ಪಲಸಿಗೆ. 1169ರ ಶಾಸನವಿರುವ ನರಸಿಂಹನ ಗುಡಿ ಆಗಿನದು. ಮುಂದೆ ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪಳ್ಳಿ ಹಳ್ಳಿಯಾದ ಹಾಗೆ ಪಲಸಿಗೆ ಹಲಸಿಗೆಯಾಯಿತು, ಬಾಲ ಉದುರಿ ಹಲಸಿಯಾಯಿತು.

ಪಲಾಶವೆಂದರೆ ಮುತ್ತುಗ. ಎಲೆಯಿಂದ ಪತ್ರಾವಳಿ ಹಚ್ಚುವ, ಬೇಸಿಗೆಯಲ್ಲಿ ಕೆಂಪಗೆ ಉರಿಯುವ ಆ ಮರ ಈ ಸೀಮೆಯಲ್ಲಿ ಬೇಕಾದಷ್ಟಿದೆ. ಆದರೆ ಕನ್ನಡಿಗನ ಕಿವಿಗೆ ಹಲಸಿ ಎಂದರೆ ಹಲಸು, ಅದರ ಹಳೆಯ ರೂಪ ಪಲಸು. ಜನ ಪಲಸಿಗೆ ಎನ್ನುತ್ತಿದ್ದದ್ದು ಹಲಸಿನ ಮರಗಳಿಂದ, ಕದಂಬರ ಆಸ್ಥಾನದವರು ಅದನ್ನು ಕೇಳಿ ತಮಗೆ ಗೊತ್ತಿದ್ದ ಪಲಾಶಕ್ಕೆ ಒಗ್ಗಿಸಿ ಪಲಾಶಿಕಾ ಎಂದು ತಾಮ್ರದ ಮೇಲೆ ಕೊರೆದರು ಎಂದು ವಾದಿಸುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ಮೊದಲು ಬರಹಕ್ಕೆ ಬಂದ ರೂಪವೇ ಮೊದಲು ಹುಟ್ಟಿದ ರೂಪ ಎಂದು ಭಾವಿಸುವ ಕೆಟ್ಟ ಚಟ ನಮ್ಮ ಸ್ಥಳನಾಮದ ಬರಹಗಳಿಗಿದೆ. ತಾಮ್ರಪಟ ಬರೆದವನೂ ತನ್ನ ಕಾಲದ ಒಬ್ಬ ಪದಜಿಜ್ಞಾಸು. ಅವನ ಊಹೆ ನಮ್ಮದಕ್ಕಿಂತ ಹಳೆಯದು, ಅಷ್ಟರಿಂದಲೇ ಸರಿಯಾಗಬೇಕೆಂದಿಲ್ಲ. ಆದರೂ ಬನವಾಸಿಯ ಕದಂಬರು ಮರದ ಹೆಸರನ್ನೇ ವಂಶಕ್ಕೆ ಇಟ್ಟುಕೊಂಡವರು, ಮರಗಳನ್ನು ಗುರುತಿಸುವುದರಲ್ಲಿ ತಪ್ಪುತ್ತಿರಲಿಲ್ಲ ಎಂದುಕೊಂಡು ನಾನು ಮುತ್ತುಗದ ಪಕ್ಷದಲ್ಲಿ ಉಳಿದಿದ್ದೇನೆ.

ಮುತ್ತುಗವೋ ಹಲಸೋ, ಬಕಾರದ ಪ್ರಶ್ನೆಗೆ ಜೋಡಿ ಇಲ್ಲಿ ಸಿಗುತ್ತದೆ. ಮರಾಠಿಯಲ್ಲಿ ಮುತ್ತುಗಕ್ಕೆ ಪಳಸ, ಹಲಸಿಗೆ ಫಣಸ. ಮುಂಬೈ, ಪುಣೆ ನಡುವೆ ಕರ್ಜತ್ ಬಳಿ ಪಳಸದರಿ ಎಂಬ ನಿಲ್ದಾಣವೇ ಇದೆ, ಪಕಾರ ಅಲುಗಿಲ್ಲ. ಅಲ್ಲಿಯ ಜನರ ಬಾಯಲ್ಲಿ ಪಕಾರ ಹಕಾರವಾಗುವ ರೂಢಿಯಿಲ್ಲ. ಆದರೆ ಖಾನಾಪುರ ತಾಲ್ಲೂಕಿನಲ್ಲಿ ಮನೆಮಾತು ಮರಾಠಿಯಾದವರು ಈ ಊರನ್ನು ಪಳಶಿ ಎನ್ನುವುದಿಲ್ಲ, ಹಲಶಿ ಎನ್ನುತ್ತಾರೆ. ಇಕಾರದ ಹಿಂದಿನ ಸಕಾರವನ್ನು ಶಕಾರ ಮಾಡಿಕೊಂಡದ್ದು ಅವರದು, ಹಕಾರ ಕನ್ನಡದ್ದು. ಖಾನಾಪುರದ ಬಸ್ ನಿಲ್ದಾಣದಲ್ಲಿ ಹಲಶಿಗೆ ಹೋಗುವವರೂ ಹಲಸಿಗೆ ಹೋಗುವವರೂ ಒಂದೇ ಬಸ್ಸಿಗೆ ಕಾಯುತ್ತಾರೆ. ಕಂಡಕ್ಟರ್ ಎರಡಕ್ಕೂ ಒಂದೇ ಟಿಕೀಟು ಹರಿದುಕೊಡುತ್ತಾನೆ.